ನಮ್ಮ ಜಿಲ್ಲೆಯಲ್ಲಿ ಸಂಶೋಧನೆ ಮಾಡುವವರೇ, ನಮಗೂ ಒಂದು ಪುಟ ಬರೆದುಕೊಡಿ

ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯವರಿಗೆ, ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ ಕುಮಟಾದಿಂದ ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ, ಉಳಿದ ಮಾತು ಆಮೇಲೆ. ಉತ್ತರ ಕನ್ನಡದ ನೆಲ, ನೀರು, ಕಾಡು, ಮೀನು, ಜನ, ಯಾವುದರ ಮೇಲೆ ಯಾರು ಸಂಶೋಧನೆ ಮಾಡಿದರೂ ಕೊನೆಯಲ್ಲಿ ಒಂದು ಪುಟ ಕನ್ನಡದಲ್ಲಿ ಬರೆದು ಆ ಊರಿನ ಗ್ರಾಮ ಪಂಚಾಯತಿಗೆ ಕೊಡಬೇಕು. ಏಳನೇ ಕ್ಲಾಸು ಓದಿದವರಿಗೆ ಅರ್ಥ ಆಗುವ ಹಾಗೆ ಇರಬೇಕು. ಮನಸ್ಸಿದ್ದವರು ಕೊಡಲಿ ಅಂತಲ್ಲ, ಕೊಡಲೇಬೇಕು ಅಂತ ನಿಯಮ ಮಾಡಿ.

ನಾನು ವಿಜ್ಞಾನಿ ಅಲ್ಲ, ಔಷಧಿ ಅಂಗಡಿಯವನು. ಬಿ.ಫಾರ್ಮಾ ಓದಿದ್ದೇನೆ ಅನ್ನೋ ಕಾರಣಕ್ಕೆ ಊರಿನವರ ಲೆಕ್ಕದಲ್ಲಿ ಇಂಗ್ಲಿಷ್ ಬಲ್ಲವನು. ಹಾಗಾಗಿ ಡಾಕ್ಟರ ಚೀಟಿಯ ಜೊತೆ ಬೇರೆ ಕಾಗದಗಳೂ ನನ್ನ ಕೌಂಟರಿಗೆ ಬರುತ್ತವೆ. ಮಣ್ಣು ಪರೀಕ್ಷೆಯ ರಿಪೋರ್ಟು, ಪೇಪರ್ ಕಟಿಂಗು, ವಾಟ್ಸಾಪಿನಲ್ಲಿ ಬಂದ ಯಾವುದೋ ಅಧ್ಯಯನದ ಅರ್ಧ ಫೋಟೋ. "ಇದ್ರಲ್ಲಿ ಎಂತ ಬರ್ದದೆ ನೋಡು ಮಾರಾಯಾ" ಅಂತ ಕೊಡುತ್ತಾರೆ. ನೋಡಿದರೆ ಎಷ್ಟೋ ಸಲ ನನಗೂ ತಲೆಬುಡ ಗೊತ್ತಾಗುವುದಿಲ್ಲ. ಔಷಧಿಯ ವಿಷಯವಾದರೆ ಹೇಗೋ ಹೇಳಿಯೇನು, ಮರಳು ದಿಬ್ಬದ್ದೋ ಮೀನಿನ ಸಂತತಿಯದ್ದೋ ಆದರೆ ನಾನೂ ಅವರ ಹಾಗೇ.

ಸಂಶೋಧನೆಗೆ ನಮ್ಮಲ್ಲಿ ಬರಗಾಲ ಇಲ್ಲ. ಕಾರವಾರದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಶಿರಸಿಯಲ್ಲಿ ಅರಣ್ಯ ಕಾಲೇಜು, ನಮ್ಮ ಕುಮಟಾದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರ. ಇದರ ಮೇಲೆ ಹೊರಗಿನಿಂದ ಬಂದು ಹೋಗುವವರು. ಅಘನಾಶಿನಿ ನದಿಗೆ ಅಣೆಕಟ್ಟು ಇಲ್ಲ ಅಂತ ಅದನ್ನು ನೋಡಲು ಬರುತ್ತಾರೆ, ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ, ಕಗ್ಗ ಭತ್ತ ನೋಡಲು ಬರುತ್ತಾರೆ, ನದಿಯ ಚಿಪ್ಪಿಕಲ್ಲು, ನಾವು ಬಳಚು ಅನ್ನುವುದು, ಎಷ್ಟಿದೆ ಅಂತ ಎಣಿಸಲು ಬರುತ್ತಾರೆ. ಬರಲಿ, ಸಂತೋಷ. ನಮ್ಮ ಕಡೆ ಬಂದವರಿಗೆ ಚಾ ಕೊಡದೆ ಕಳಿಸುವ ಪದ್ಧತಿಯೂ ಇಲ್ಲ.

ಹೋದ ಮೇಲೆ ಏನಾಗುತ್ತದೆ? ಏನೂ ಇಲ್ಲ. ನಮ್ಮ ಕೇರಿಯ ಬಾವಿಗಳ ನೀರನ್ನು ಒಂದು ತಂಡ ಬಾಟಲಿಯಲ್ಲಿ ತುಂಬಿಕೊಂಡು ಹೋಗಿತ್ತು. ಬೇಸಿಗೆಯಲ್ಲಿ ಉಪ್ಪು ಎಷ್ಟು ಒಳಗೆ ಬರುತ್ತದೆ ಅಂತ ನೋಡುತ್ತೇವೆ ಅಂದಿದ್ದರು. ಹೆಸರು, ಫೋನ್ ನಂಬರು, ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ಸಹಿ, ಎಲ್ಲ ಆಯಿತು. ಯಾವ ಸಂಸ್ಥೆ ಅಂತ ಇಲ್ಲಿ ಬರೆಯುವುದಿಲ್ಲ, ಒಬ್ಬರನ್ನು ಬೈದು ಪ್ರಯೋಜನ ಇಲ್ಲ, ಎಲ್ಲರೂ ಮಾಡುವುದು ಅದನ್ನೇ. ಪಕ್ಕದ ಮನೆಯ ಅಜ್ಜಿ ಈಗಲೂ ಕೇಳುತ್ತಾರೆ, "ಆ ನೀರಿನ ಮಕ್ಕಳು ಎಂತ ಹೇಳಿದ್ರು, ಕುಡೀಲಕ್ಕಾ?" ಅಂತ. ಬಾವಿ ಅವರದು, ನೀರು ಕುಡಿಯುವವರು ಅವರು. ಉತ್ತರ ಎಲ್ಲೋ ಒಂದು ಪಿಡಿಎಫ್‌ನಲ್ಲಿ ಇದ್ದೀತು.

ಆ ಪಿಡಿಎಫ್ ತೆಗೆದು ಓದೋಣ ಅಂದರೆ ಅದಕ್ಕೂ ದುಡ್ಡು ಕೇಳುತ್ತಾರೆ. ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಅಂತ ಯೋಜನೆ ಮಾಡಿ, 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಕಾಲೇಜು ಮತ್ತು ಸಂಸ್ಥೆಗಳಿಗೆ ತೆರೆದುಕೊಟ್ಟಿದೆ. ಒಳ್ಳೆಯ ಕೆಲಸವೇ. ಆದರೆ ಅದು ವಿದ್ಯಾರ್ಥಿಗಳಿಗೆ, ಪ್ರಾಧ್ಯಾಪಕರಿಗೆ. ತೆರಿಗೆ ಕಟ್ಟಿ ಅಷ್ಟೂ ದುಡ್ಡು ಕೊಟ್ಟ ನಾವು ಆ ಪಟ್ಟಿಯಲ್ಲಿ ಇಲ್ಲ. ಇದ್ದರೂ ಓದಿ ಅರ್ಥ ಮಾಡಿಕೊಳ್ಳುವ ಹಾಗೆ ಅವು ಇಲ್ಲ ಅನ್ನೋದು ಬೇರೆ ಮಾತು.

ಅರ್ಥ ಆಗದೇ ಇದ್ದರೆ ಏನು ನಷ್ಟ ಅಂತ ನೀವು ಕೇಳಬಹುದು. ಅಡಿಕೆಯ ವಿಷಯವನ್ನೇ ತೆಗೆದುಕೊಳ್ಳಿ. ಶಿರಸಿ ಹತ್ತಿರ ನನ್ನ ಮಾವನವರ ತೋಟ ಇದೆ, ಹಾಗಾಗಿ ಈ ಗಲಾಟೆಯನ್ನು ಹತ್ತಿರದಿಂದ ನೋಡುತ್ತೇನೆ. ಆಗಾಗ ಟಿವಿಯಲ್ಲಿ 'ಅಡಿಕೆಯಿಂದ ಕ್ಯಾನ್ಸರ್' ಅಂತ ಬರುತ್ತದೆ, ಮರುದಿನ ಮಾರ್ಕೆಟ್ ಯಾರ್ಡಿನಲ್ಲಿ ಬೇರೆ ಮಾತೇ ಇಲ್ಲ. ಇದೆಲ್ಲ ಅಡಿಕೆ ಬೆಳೆಗಾರರನ್ನು ಮುಗಿಸುವ ಹುನ್ನಾರ ಅಂತ ಅರ್ಧ ಜನ, ಮರ ಕಡಿದು ಬೇರೆ ಏನಾದರೂ ಹಾಕುವ ಕಾಲ ಬಂತು ಅಂತ ಇನ್ನರ್ಧ ಜನ. ಮೂಲದಲ್ಲಿ ಏನು ಹೇಳಿದ್ದಾರೆ ಅಂತ ಓದಿದವರು ಎರಡೂ ಕಡೆ ಸಿಗುವುದಿಲ್ಲ.

ಆದದ್ದು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಐಎಆರ್‌ಸಿ ಅನ್ನುತ್ತಾರಲ್ಲ, ಅದು 2004ರಲ್ಲಿ ಅಡಿಕೆಯನ್ನು ಒಂದನೇ ಗುಂಪಿಗೆ ಹಾಕಿತು. ಒಂದನೇ ಗುಂಪು ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಅನ್ನೋದಕ್ಕೆ ಪುರಾವೆ ಗಟ್ಟಿ ಇದೆ ಅಂತ. ಎಷ್ಟು ತಿಂದರೆ ಬರುತ್ತದೆ, ನೂರು ಜನ ತಿಂದರೆ ಎಷ್ಟು ಜನರಿಗೆ ಬರುತ್ತದೆ, ಇದನ್ನು ಆ ಗುಂಪಿನ ನಂಬರು ಹೇಳುವುದೇ ಇಲ್ಲ. ಸಿಗರೇಟಿನ ಹೊಗೆ ಅದೇ ಗುಂಪಿನಲ್ಲಿದೆ. ಮದ್ಯ ಇದೆ. ಬಿಸಿಲೂ ಇದೆ! 2015ರಲ್ಲಿ ಸಾಸೇಜ್, ಬೇಕನ್ ತರಹದ ಸಂಸ್ಕರಿಸಿದ ಮಾಂಸವನ್ನೂ ಸೇರಿಸಿದರು. ಇವೆಲ್ಲ ಒಂದೇ ಗುಂಪಿನಲ್ಲಿದ್ದ ಮಾತ್ರಕ್ಕೆ ಇವುಗಳ ಅಪಾಯ ಒಂದೇ ಅಳತೆಯದ್ದು ಅಂತಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾವನವರಿಗೆ ಬಹಳ ಖುಷಿ. ಆದರೆ ಅದು ಅರ್ಧ ಮಾತು. ಉಳಿದರ್ಧ ನಮಗೆ ಇಷ್ಟ ಆಗದ್ದು. 1985ರಲ್ಲಿ ಇದೇ ಸಂಸ್ಥೆ ತಂಬಾಕು ಹಾಕಿದ ಕವಳದ (ಎಲೆ ಅಡಿಕೆಯ) ಬಗ್ಗೆ ಮಾತ್ರ ಖಚಿತವಾಗಿ ಹೇಳಿತ್ತು, ತಂಬಾಕು ಇಲ್ಲದ್ದರ ಬಗ್ಗೆ ಪುರಾವೆ ಸಾಲದು ಅಂದಿತ್ತು. 2004ರಲ್ಲಿ ಹೇಳಿದ್ದು ತಂಬಾಕು ಇಲ್ಲದೆ ಜಗಿದರೂ ತೊಂದರೆ ಇದೆ ಅಂತ. "ತಂಬಾಕಿನಿಂದ ಬರೋದಕ್ಕೆ ಅಡಿಕೆ ಹೆಸರು ಹಾಳು ಮಾಡ್ತಾರೆ" ಅಂತ ನಮ್ಮವರು ಸಭೆಗಳಲ್ಲಿ ಹೇಳುವ ಮಾತು ಇಲ್ಲಿ ನಿಲ್ಲುವುದಿಲ್ಲ. ಬಾಯಿಯ ಒಳಗಿನ ಪದರ ಬಿಗಿದುಕೊಂಡು, ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲಾಗದ ಕಾಯಿಲೆ ಇದೆಯಲ್ಲ, ಅದಕ್ಕೆ ಅಡಿಕೆಯೇ ಮುಖ್ಯ ಕಾರಣ. ನನ್ನ ಅಂಗಡಿಗೆ ಬರುವ ಹುಡುಗರಲ್ಲೂ ಅಂಥವರಿದ್ದಾರೆ.

ಸರಳವಾಗಿ ಬರೆಯಿರಿ ಅಂದರೆ ಸಿಹಿಯಾಗಿ ಬರೆಯಿರಿ ಅಂತಲ್ಲ. ನಮಗೆ ಬೇಕಾದ್ದನ್ನಷ್ಟೇ ಬರೆಯಿರಿ ಅಂತಲೂ ಅಲ್ಲ. ಗೊತ್ತಾಗಿದ್ದು ಏನು, ಎಷ್ಟು ಖಚಿತ, ಏನು ಗೊತ್ತಾಗಿಲ್ಲ, ಇಷ್ಟು. ಈ ಮೂರನ್ನು ಯಾರಾದರೂ ಕನ್ನಡದಲ್ಲಿ ಆಗಲೇ ಒಂದು ಪುಟದಲ್ಲಿ ಬರೆದು ಸೊಸೈಟಿಗಳ ಗೋಡೆಗೆ ಹಚ್ಚಿದ್ದರೆ ಇಷ್ಟು ವರ್ಷ ಗಾಳಿಯಲ್ಲಿ ಗುದ್ದಾಡುವುದು ತಪ್ಪುತ್ತಿತ್ತು.

ಇನ್ನೊಂದು ಗುಡ್ಡದ ವಿಷಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಗುಡ್ಡ ಕುಸಿದು ಹೆದ್ದಾರಿಯನ್ನೂ ದಾಟಿ ಗಂಗಾವಳಿ ನದಿಗೆ ಇಳಿಯಿತು. ಅದಕ್ಕೂ ಮೊದಲು 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ಆಗಿತ್ತು. ಈಗ ಜೋರು ಮಳೆ ಬಂದರೆ ಹೆದ್ದಾರಿ 66ರ ಪಕ್ಕ ಗುಡ್ಡ ಕಡಿದ ಜಾಗಗಳ ಕೆಳಗಿನ ಮನೆಯವರು ರಾತ್ರಿ ನಿದ್ದೆ ಮಾಡುವುದಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ, ನಮ್ಮ ಹಿಂದಿನ ಗುಡ್ಡ ಕುಸಿಯುತ್ತದಾ?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಭೂಕುಸಿತ ಆಗಬಹುದಾದ ಜಾಗಗಳ ನಕ್ಷೆ ಮಾಡಿದೆ. ಬಣ್ಣ ಬಣ್ಣದ ನಕ್ಷೆ, ಜಾಸ್ತಿ, ಮಧ್ಯಮ, ಕಡಿಮೆ ಅಂತ. ಅದನ್ನು ಯಾರೋ ಮೊಬೈಲಿನಲ್ಲಿ ದೊಡ್ಡದು ಮಾಡಿ ತಮ್ಮ ಮನೆ ಯಾವ ಬಣ್ಣದಲ್ಲಿದೆ ಅಂತ ಹುಡುಕುವುದನ್ನು ನೋಡಿದ್ದೇನೆ. ಆ ನಕ್ಷೆಯ ಅಳತೆ 1:50,000. ಅಂದರೆ ಅದರ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಂದು ಇಡೀ ಕೇರಿ ಉಗುರಿನಷ್ಟು ಜಾಗದಲ್ಲಿ ಮುಗಿದುಹೋಗುತ್ತದೆ. ಒಂದು ಮನೆಯ ಹಿತ್ತಲಿನ ಗುಡ್ಡದ ಬಗ್ಗೆ ಅದು ಹೇಳಲಾರದು. ಯಾವ ದಿನ, ಯಾವ ಮಳೆಗೆ ಕುಸಿಯುತ್ತದೆ ಅಂತಲೂ ಹೇಳುವುದಿಲ್ಲ, ಎಲ್ಲಿ ಸಾಧ್ಯತೆ ಜಾಸ್ತಿ ಅಂತ ಮಾತ್ರ ಹೇಳುತ್ತದೆ. ಈ ನಾಲ್ಕು ಸಾಲು ನಕ್ಷೆಯ ಕೆಳಗೆ ಕನ್ನಡದಲ್ಲಿ ಇದ್ದಿದ್ದರೆ 'ಕಡಿಮೆ' ಬಣ್ಣ ನೋಡಿ ಯಾರೂ ನಿಶ್ಚಿಂತೆಯಿಂದ ಮಲಗುತ್ತಿರಲಿಲ್ಲ, 'ಜಾಸ್ತಿ' ಬಣ್ಣ ನೋಡಿ ಜಾಗ ಮಾರಲು ಹೊರಡುತ್ತಲೂ ಇರಲಿಲ್ಲ. ಗುಡ್ಡದ ಮೇಲೆ ಹೊಸ ಬಿರುಕು ಬಂದರೆ, ಮರ ವಾಲಿದರೆ, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಯಾರಿಗೆ ಫೋನ್ ಮಾಡಬೇಕು ಅನ್ನೋ ಐದನೇ ಸಾಲನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಪಶ್ಚಿಮ ಘಟ್ಟದ ಬಗೆಗಿನ ಗಾಡ್ಗೀಳ್ ವರದಿಯ ಕಥೆಯೂ ಇದೇ. 2011ರಲ್ಲಿ ಸಲ್ಲಿಸಿದ ವರದಿ ಜನರ ಕೈಗೆ ಬಂದದ್ದು 2012ರಲ್ಲಿ, ಅದೂ ಇಂಗ್ಲಿಷಿನಲ್ಲಿ, ನೂರಾರು ಪುಟ. ಯಾವ ಊರು ಯಾವ ವಲಯಕ್ಕೆ ಬರಬೇಕು ಅನ್ನೋದನ್ನು ಗ್ರಾಮಸಭೆಗಳಿಂದ ಕೇಳಿಕೊಂಡು ತೀರ್ಮಾನಿಸಿ ಅಂತ ಆ ವರದಿಯಲ್ಲೇ ಇತ್ತು. ನಮ್ಮ ಕಡೆ ಓಡಾಡಿದ ಸುದ್ದಿ ಮಾತ್ರ "ಇನ್ನು ಮನೆ ಕಟ್ಟಂಗಿಲ್ಲ, ದನ ಸಾಕಂಗಿಲ್ಲ" ಅನ್ನೋದು. ವರದಿಯನ್ನು ಒಪ್ಪಬೇಕಿತ್ತೋ ಬಿಡಬೇಕಿತ್ತೋ, ಆ ಚರ್ಚೆ ಬೇರೆ. ಓದದೇ ಜಗಳಾಡಿದೆವು, ಅಷ್ಟು ಮಾತ್ರ ಹೇಳುತ್ತೇನೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದಾಗಲೂ ಬಳಚು ತೆಗೆಯುವವರ ಕೇರಿಯಲ್ಲಿ ಮೊದಲು ಎದ್ದ ಪ್ರಶ್ನೆ "ಇನ್ನು ನಮ್ಮನ್ನ ನದಿಗೆ ಇಳಿಯೋಕೆ ಬಿಡ್ತಾರಾ ಇಲ್ವಾ" ಅಂತ. ರಾಮ್ಸರ್ ಒಪ್ಪಂದದಲ್ಲಿ ಜವಾಬ್ದಾರಿಯಿಂದ ಬಳಸಿಕೊಳ್ಳುವುದಕ್ಕೆ ಜಾಗ ಇದೆ, ಪಟ್ಟಿಗೆ ಸೇರಿದ ಕೂಡಲೇ ಬಳಚು ತೆಗೆಯುವುದು ನಿಂತುಹೋಗುವುದಿಲ್ಲ. ಇದನ್ನು ಹೇಳಲು ಒಂದು ಪುಟವೂ ಬೇಡ.

ಇದೆಲ್ಲ ಆಗದ ಕೆಲಸ ಅಂತ ದಯವಿಟ್ಟು ಹೇಳಬೇಡಿ. ಆಗುತ್ತದೆ ಅನ್ನೋದಕ್ಕೆ ನಮ್ಮ ಬಂದರುಗಳಲ್ಲೇ ಸಾಕ್ಷಿ ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಮೇಲ್ಮೈ ಬಿಸಿ ಎಷ್ಟು, ನೀರಿನಲ್ಲಿ ಹಸಿರು ಪಾಚಿ ಎಲ್ಲಿ ದಟ್ಟ ಇದೆ ಅಂತ ನೋಡಿ ಮೀನು ಎಲ್ಲಿ ಸೇರಬಹುದು ಅಂತ ಲೆಕ್ಕ ಹಾಕುತ್ತದೆ. ಅದು ಭಾರೀ ಗಣಿತದ ಕೆಲಸ. ಆದರೆ ನಮ್ಮ ಮೀನುಗಾರರಿಗೆ ಬರುವುದು ಗಣಿತ ಅಲ್ಲ. ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ಕಿಲೋಮೀಟರ್, ಇಷ್ಟು ಆಳ, ಅದೂ ಕನ್ನಡದಲ್ಲಿ. ಕ್ಲೋರೋಫಿಲ್ ಅಂದರೆ ಏನು ಅಂತ ತಿಳಿಯದ ತಾಂಡೇಲನೂ (ಬೋಟು ನಡೆಸುವವನೂ) ಅದನ್ನು ನೋಡಿ ಬೋಟು ತಿರುಗಿಸುತ್ತಾನೆ. (ಎಲ್ಲರಿಗೂ ಅದೇ ಜಾಗ ಹೇಳಿದರೆ ಎಲ್ಲರೂ ಅಲ್ಲೇ ಹೋಗಿ ಬಲೆ ಹಾಕುತ್ತಾರೆ ಅನ್ನೋ ದೂರೂ ಇದೆ, ಇರಲಿ.) ಅದನ್ನು ಮಾಡಿದವರು ಮೊದಲು ಯೋಚಿಸಿದ್ದು ಬೋಟಿನಲ್ಲಿ ನಿಂತವನಿಗೆ ಏನು ಬೇಕು ಅಂತ.

ಕಾನೂನಿನಲ್ಲೂ ಈ ದಾರಿ ಹೊಸದಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಯ ಸಾರ್ವಜನಿಕ ಅಹವಾಲಿಗೆ ಮುಂಚೆ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಲೇಬೇಕು. ಆ ಸಾರಾಂಶಗಳು ಓದುವ ಹಾಗೆ ಇರುತ್ತವಾ ಅಂದರೆ ನಗು ಬರುತ್ತದೆ, ಆದರೆ ನಿಯಮವಾದರೂ ಇದೆ. ಬಂದರು ಕಟ್ಟುವ ಕಂಪನಿಗೆ ಇರುವ ನಿಯಮ ಅದೇ ಬಂದರಿನ ಪಕ್ಕದ ಮೀನಿನ ಬಗ್ಗೆ ಸರ್ಕಾರಿ ದುಡ್ಡಿನಲ್ಲಿ ಅಧ್ಯಯನ ಮಾಡುವವರಿಗೆ ಯಾಕಿಲ್ಲ? ಯುರೋಪಿನಲ್ಲಿ ಹೊಸ ಔಷಧಿಯ ಪ್ರಯೋಗ ಮುಗಿದ ಮೇಲೆ ಸಾಮಾನ್ಯ ಜನರಿಗೆ ತಿಳಿಯುವ ಸಾರಾಂಶ ಕೊಡಬೇಕು ಅಂತ ಕಾನೂನೇ ಇದೆ, 2022ರ ಜನವರಿಯಿಂದ ಜಾರಿಯಲ್ಲಿದೆ. ಕಾಕ್ರೇನ್ ಅನ್ನೋ ಸಂಸ್ಥೆ ಚಿಕಿತ್ಸೆಗಳ ಬಗ್ಗೆ ತಾನು ಮಾಡುವ ಪ್ರತಿ ಪರಿಶೀಲನೆಗೂ ಅಂಥ ಸಾರಾಂಶ ಬರೆಯುತ್ತದೆ. ಅವನ್ನು ನಾನು ಓದುತ್ತೇನೆ, ಎಷ್ಟೋ ಔಷಧಿಗಳ ಬಗ್ಗೆ ಕಂಪನಿಯ ಪ್ರತಿನಿಧಿ ಹೇಳಿದ್ದಕ್ಕಿಂತ ಜಾಸ್ತಿ ಅದರಿಂದ ತಿಳಿದಿದ್ದೇನೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ವಿಜ್ಞಾನಿಗಳ ಸಾಮಾಜಿಕ ಜವಾಬ್ದಾರಿ ಅಂತ ಮಾರ್ಗಸೂಚಿ ತಂದಿದೆ. ಮಾರ್ಗಸೂಚಿ ಚೆನ್ನಾಗಿದೆ, ಅಘನಾಶಿನಿ ದಂಡೆಗೆ ಇನ್ನೂ ಬಂದು ಮುಟ್ಟಿಲ್ಲ.

ಎಂಥ ಪುಟ ಬೇಕು ಅಂತ ಒಂದು ಮಾದರಿ ನಾನೇ ಬರೆದು ತೋರಿಸುತ್ತೇನೆ. ಮಂಗನ ಕಾಯಿಲೆಯದ್ದು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ, 2024ರಲ್ಲಿ ಸಿದ್ದಾಪುರದವರನ್ನು ಬಹಳ ಕಾಡಿತು. ಇಷ್ಟು ವರ್ಷ ಇಷ್ಟು ಸಂಶೋಧನೆ ಆದ ಮೇಲೂ "ಮಂಗ ಕಚ್ಚಿದರೆ ಬರುತ್ತದಾ" ಅಂತ ಕೇಳುವವರಿದ್ದಾರೆ.

"ಈ ಕಾಯಿಲೆ ಕಾಡಿನ ಉಣುಗು (ಉಣ್ಣೆ ಹುಳು) ಕಚ್ಚುವುದರಿಂದ ಬರುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ ಉಣುಗುಗಳೇ ಮನುಷ್ಯರಿಗೆ ಜಾಸ್ತಿ ಕಚ್ಚುತ್ತವೆ. ಮಳೆ ಮುಗಿದು ಒಣ ಹವೆ ಶುರುವಾದ ಮೇಲೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ, ಅಪಾಯ ಹೆಚ್ಚು. ದರಕು (ಒಣ ಎಲೆ) ಗುಡಿಸಲು, ಸೊಪ್ಪು ತರಲು ಬೆಟ್ಟಕ್ಕೆ ಹೋಗುವುದು ಇದೇ ಹೊತ್ತಿನಲ್ಲಿ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರುತ್ತವೆ, ಹಾಗಾಗಿ ಆ ಜಾಗಕ್ಕೆ ಹೋಗಬೇಡಿ, ಆಸ್ಪತ್ರೆಗೋ ಪಂಚಾಯತಿಗೋ ತಿಳಿಸಿ. ಕಾಡಿಗೆ ಹೋಗುವ ಮುಂಚೆ ಮೈಗೆ ಉಣುಗು ಹತ್ತದ ಹಾಗೆ ತಡೆಯುವ ತೈಲ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಬರಬಹುದು. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ರೋಗಿಯನ್ನು ದೂರ ಇಡಬೇಡಿ. ಇದನ್ನೇ ಗುಣ ಮಾಡುವ ಔಷಧಿ ಇನ್ನೂ ಇಲ್ಲ, ಆಸ್ಪತ್ರೆಯಲ್ಲಿ ಆರೈಕೆ ಮಾಡಿ ಉಳಿಸುತ್ತಾರೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ."

ಅರ್ಧ ಪುಟವೂ ಆಗಲಿಲ್ಲ ನೋಡಿ. ನಾನು ಬರೆದದ್ದಕ್ಕಿಂತ ಈ ರೋಗದ ಮೇಲೆ ಹತ್ತಾರು ವರ್ಷ ಕೆಲಸ ಮಾಡಿದವರು ಬರೆದರೆ ಎಷ್ಟೋ ಚೆನ್ನಾಗಿರುತ್ತದೆ, ಅಲ್ವಾ?

ವಿಜ್ಞಾನಿಗಳಿಗೆ ಪುರುಸೊತ್ತು ಇಲ್ಲ ಅನ್ನುವವರಿದ್ದಾರೆ. ಮೂರು ನಾಲ್ಕು ವರ್ಷದ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು. ಸರಳ ಮಾಡಿದರೆ ಅರ್ಥ ಕೆಡುತ್ತದೆ ಅನ್ನುವವರೂ ಇದ್ದಾರೆ. ನೀವು ಬರೆಯದಿದ್ದರೆ ಅದನ್ನು ಟಿವಿಯವರು ಬರೆಯುತ್ತಾರೆ, ಆಗ ಎಷ್ಟು ಕೆಡುತ್ತದೆ ಅಂತ ಅಡಿಕೆಯಲ್ಲಿ ನೋಡಿದ್ದೀರಿ. ಈಗ ಇಂಗ್ಲಿಷ್ ಸಾರಾಂಶವನ್ನು ಕಂಪ್ಯೂಟರಿಗೆ ಹಾಕಿ ಕನ್ನಡ ತೆಗೆದು ಅಂಟಿಸುವ ಹೊಸ ಚಾಳಿ ಶುರುವಾಗಿದೆ. ಅದು ಬೇಡ. ಇಂಗ್ಲಿಷಿನ ಸಾರಾಂಶ ಬರೆದಿರುವುದೇ ಇನ್ನೊಬ್ಬ ವಿಜ್ಞಾನಿಗೆ, ಅದನ್ನು ಯಾವ ಭಾಷೆಗೆ ತಂದರೂ ಅವನಿಗೇ ಅರ್ಥ ಆಗುವುದು. ಕಂಪ್ಯೂಟರಿನ ಸಹಾಯ ಬೇಕಾದರೆ ತೆಗೆದುಕೊಳ್ಳಿ, ಆದರೆ ಅಚ್ಚು ಹಾಕುವ ಮುಂಚೆ ಆ ಊರಿನ ನಾಲ್ಕು ಜನರ ಎದುರು ಗಟ್ಟಿಯಾಗಿ ಓದಿ. ಎಲ್ಲಿ ಮುಖ ಗಂಟಾಗುತ್ತದೋ ಅಲ್ಲಿ ತಿದ್ದಿ.

ಯಾರು ಏನು ಮಾಡಬಹುದು ಅಂತಲೂ ಹೇಳಿಬಿಡುತ್ತೇನೆ. ಕುಲಪತಿಗಳೇ, ಪಿಎಚ್‌ಡಿ ಪ್ರಬಂಧಗಳನ್ನು ಹೇಗೂ ಶೋಧಗಂಗಾ ಅನ್ನೋ ಜಾಲತಾಣಕ್ಕೆ ಹಾಕಬೇಕು ಅಂತ ಯುಜಿಸಿ ನಿಯಮ ಇದೆ. ಹಾಕುವಾಗ ಕನ್ನಡದ ಒಂದು ಪುಟವನ್ನೂ ಸೇರಿಸದಿದ್ದರೆ ಪ್ರಬಂಧ ಸ್ವೀಕರಿಸುವುದಿಲ್ಲ ಅನ್ನಿ. ಇಲಾಖೆಯವರೇ, ದುಡ್ಡು ಕೊಡುವವರು ನೀವು, ಕೊನೆಯ ಕಂತನ್ನು ಆ ಪುಟ ಬಂದ ಮೇಲೆ ಬಿಡುಗಡೆ ಮಾಡಿ. ಬೇರೆ ಯಾವ ಉಪದೇಶಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ಜಿಲ್ಲಾಧಿಕಾರಿಗಳೇ, ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸರ್ವೆ ಮಾಡಲು ಬಂದವರು ಪಂಚಾಯತಿಯ ಸಹಾಯ ಕೇಳುತ್ತಾರೆ. ಅಲ್ಲೇ ಒಂದು ಷರತ್ತು ಹಾಕಿಸಿ. ಬಂದ ಪುಟಗಳನ್ನು ಪಂಚಾಯತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಒಂದು ಫೈಲಿನಲ್ಲಿ ಇಡಲಿ, ಮೀನು ಇಳಿಸುವ ಜೆಟ್ಟಿಯಲ್ಲಿ, ಸೊಸೈಟಿಯಲ್ಲಿ ಒಂದೊಂದು ಪ್ರತಿ ಹಚ್ಚಲಿ. ಅಧ್ಯಯನಕ್ಕೆ ದುಡ್ಡು ಯಾರು ಕೊಟ್ಟರು ಅಂತಲೂ ಆ ಪುಟದಲ್ಲಿ ಇರಬೇಕು. ಕಂಪನಿ ದುಡ್ಡಾದರೆ ಕಂಪನಿ ದುಡ್ಡು ಅಂತಲೇ ಬರೆಯಲಿ, ನಾವು ಅದಕ್ಕೆ ತಕ್ಕ ಹಾಗೆ ಓದಿಕೊಳ್ಳುತ್ತೇವೆ.

ನನ್ನ ಕಡೆಯಿಂದ ಇಷ್ಟು. ಯಾವ ಸಂಸ್ಥೆಯವರಾದರೂ ಕರಡು ಕಳಿಸಿದರೆ ಅಂಗಡಿಗೆ ಬರುವವರಿಗೆ ಓದಿಸಿ, ಅರ್ಥ ಆಗದ ಕಡೆ ಕೆಂಪು ಗೀಟು ಹಾಕಿ ವಾಪಸ್ ಕೊಡುತ್ತೇನೆ. ಇದಕ್ಕೆ ನನಗೆ ದುಡ್ಡು ಬೇಡ. ಜನರ ಎದುರು ಕೂತು ಹೇಳುವ ಮನಸ್ಸಿದ್ದರೆ ಕರಾವಳಿಗೆ ಜೂನ್ ಜುಲೈಯಲ್ಲಿ ಬನ್ನಿ, ಆಗ ಮೀನುಗಾರಿಕೆಗೆ ರಜೆ, ಬೋಟಿನವರೆಲ್ಲ ಊರಲ್ಲೇ ಇರುತ್ತಾರೆ. ಶಿರಸಿ ಸಿದ್ದಾಪುರದ ಕಡೆ ಮಾತ್ರ ಆ ಹೊತ್ತಿನಲ್ಲಿ ಹೋಗಬೇಡಿ, ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಅಲ್ಲಿಗೆ ಮಳೆ ಬಿಟ್ಟ ಮೇಲೆ, ಕೊಯ್ಲು ಶುರುವಾಗುವ ಮುಂಚೆ ಹೋದರೆ ಸರಿ.

ಇಂತಿ,
ಕುಮಟಾದ ಒಬ್ಬ ಔಷಧಿ ಅಂಗಡಿಯವ